ಉಣಿಸಿದರೂ ಉಳಿಯದ ಎಲುಬು

ಇಸವಿ ಎರಡು ಸಾವಿರ. ಬೆಳಗಾವಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ನಾನು ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ ವಿಭಾಗದ ಪ್ರಾಧ್ಯಾಪಕಿಯಾಗಿದ್ದೆ. ಯಾರೂ ಬೇಡವೆನ್ನುವ ಇನ್ನೊಂದು ಹುದ್ದೆಯೂ ನನ್ನ ಕೊರಳಿಗೆ ಬಿದ್ದಿತ್ತು: ಪ್ರಯೋಗಾಲಯದ ಪ್ರಾಣಿಗಳ ಮನೆಯ ಉಸ್ತುವಾರಿ. ಬಿಳಿ ಇಲಿ, ಗಿನಿಪಿಗ್, ಮೊಲ ಎಲ್ಲ ಸೇರಿ ನನ್ನ ಕೈಕೆಳಗಿನ ಸಂಸಾರ ಪ್ರಾಂಶುಪಾಲರದಕ್ಕಿಂತ ದೊಡ್ಡದಿತ್ತು, ಹೇಳಿದ ಮಾತನ್ನೂ ಹೆಚ್ಚು ಕೇಳುತ್ತಿತ್ತು. ಹಿಂದವಾಡಿಯ ನಮ್ಮ ಮನೆಗೆ ಬಂದ ನೆಂಟರು ನನ್ನ ಕೆಲಸದ ಬಗ್ಗೆ ಕೇಳಿದರೆ ನಮ್ಮ ಯಜಮಾನರು ನನಗೆ ಬಾಯಿ ತೆರೆಯಲೂ ಬಿಡದೆ "ಇಲಿ ಸಾಕ್ತಾಳ್ರಿ" ಎಂದು ಉತ್ತರ ಕೊಟ್ಟುಬಿಡುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ.

ಆ ವರ್ಷ ನನ್ನ ಮಾರ್ಗದರ್ಶನದಲ್ಲಿ ಎಂ.ಡಿ. ಓದುತ್ತಿದ್ದವಳು ನಸೀಮಾ. ಸರಕಾರಿ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು, ಓದಿಗೆಂದು ಇಲಾಖೆಯಿಂದ ರಜೆ ಪಡೆದು ಬಂದ ವೈದ್ಯೆ. ಖಾನಾಪುರ ತಾಲೂಕಿನ ನಂದಗಡದವಳು, ತವರುಮನೆಯಲ್ಲಿ ಬಟ್ಟೆ ವ್ಯಾಪಾರ. ಪ್ರಬಂಧಕ್ಕೆ ವಿಷಯ ಆರಿಸಿಕೊಳ್ಳುವ ದಿನ ಬಂದಾಗ ಉಳಿದವರೆಲ್ಲ ಹಳೆಯ ಪ್ರಬಂಧಗಳನ್ನು ತಿರುವಿ ಸುಲಭದ್ದನ್ನು ಹುಡುಕುತ್ತಿದ್ದರೆ ಇವಳು ನೇರವಾಗಿ ನನ್ನ ಕೋಣೆಗೆ ಬಂದು ನಿಂತಳು.

"ಮೇಡಂ, ನನಗ ಎಲುಬಿನ ಮ್ಯಾಲ ಕೆಲಸ ಮಾಡೂದೈತ್ರಿ."

"ಎಲುಬು ಮುರದವರು ಆರ್ಥೋಪೆಡಿಕ್ಸ್‌ಗೆ ಹೋಗ್ತಾರ. ನೀ ಇಲ್ಲಿಗ್ಯಾಕ ಬಂದಿ?" ಎಂದೆ.

"ಕೂಡಸೂದು ಅವರ ಕೆಲಸರಿ. ಮುರೀಬಾರದ್ದು ಯಾಕ ಮುರೀತು ಅನ್ನೂದು ನನಗ ತಿಳೀಬೇಕಾಗೇತಿ."

ಕುರ್ಚಿ ತೋರಿಸಿ ಕೂರಿಸಿದ ಮೇಲೆ ತಾಯಿಯ ಕಥೆ ಹೇಳಿದಳು. ತಾಯಿ ಹಲೀಮಾಬಿಗೆ ಬಹಳ ವರ್ಷಗಳಿಂದ ರುಮಟಾಯ್ಡ್ ಆರ್ಥರೈಟಿಸ್. ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುವ ರೋಗ ಅದು. ಬೆರಳ ಗೆಣ್ಣುಗಳು ಊದಿ, ನೊಂದು, ಕಡೆಗೆ ಸೊಟ್ಟಗಾಗಿದ್ದವು. ಸೊಂಟ ಮಾತ್ರ ಯಾವತ್ತೂ ನೊಂದಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಹೊರಸಿನ ಮೇಲೆ ಕೂರಲು ಹೋದವರ ಸೊಂಟದ ಮೂಳೆ ಮುರಿಯಿತು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಕೂತಿದ್ದರು, ಅಷ್ಟೇ.

ಮನೆಗೆ ನೋಡಲು ಬಂದವರೆಲ್ಲ ಒಂದೇ ತೀರ್ಪು ಕೊಟ್ಟರು. ಈಕೆ ಸರಿಯಾಗಿ ಉಣ್ಣುವುದಿಲ್ಲ, ಅದಕ್ಕೇ ಎಲುಬು ಸವೆದಿದೆ. ಆಕೆ ಉಣ್ಣುತ್ತಿದ್ದದ್ದು ಕಡಿಮೆ ಎಂಬುದು ನಿಜವೇ. ರೊಟ್ಟಿ ಮುರಿಯಲು ಬೆರಳು ಬಾರದು, ಬೇರೆಯವರ ಕೈಯಿಂದ ತಿನ್ನಲು ಮನಸ್ಸು ಬಾರದು. ತಟ್ಟೆ ಮುಂದಿಟ್ಟು ಬೈಯುವುದು ಮನೆಯ ಪದ್ಧತಿಯೇ ಆಗಿಬಿಟ್ಟಿತ್ತು. ನಸೀಮಾಳ ಅತ್ತಿಗೆ ಬೈಯುತ್ತಿದ್ದಳು, ಅಣ್ಣ ಬೈಯುತ್ತಿದ್ದ, ಪಕ್ಕದ ಮನೆಯವರೂ ಬಂದು ಬೈದು ಹೋಗುತ್ತಿದ್ದರು. ಎಲ್ಲರದೂ ಪ್ರೀತಿಯ ಬೈಗುಳವೇ. ಆದರೆ ಹಾಸಿಗೆ ಹಿಡಿದ ಹೆಂಗಸಿಗೆ ದಿನಕ್ಕೆ ಎರಡು ಹೊತ್ತು ಇದೇ ಮಾತು ಬಡಿಸಿದರೆ ಆಕೆಗೇನು ಅನ್ನಿಸಬೇಡ?

"ಅಮ್ಮೀನೂ ಹಂಗ ಅನ್ನಾಕತ್ತಾಳ್ರಿ. ನಂದ ತಪ್ಪು, ನಾ ಉಣಲಿಲ್ಲ, ನಿಮಗೆಲ್ಲಾ ತ್ರಾಸ ಕೊಟ್ಟೆ ಅಂತ ಅಳ್ತಾಳ," ಎಂದಳು ನಸೀಮಾ. "ಖರೇನ ಆಕೀ ತಪ್ಪಿದ್ರ ಆತು. ಇಲ್ಲದಿದ್ರ ಯಾಕ ಬೈಸಿಕೋಬೇಕು?"

ಸ್ಟೀರಾಯ್ಡ್ ಮಾತ್ರೆಗಳು ಮೂಳೆಯನ್ನು ತೆಳುವಾಗಿಸುತ್ತವೆ, ವಯಸ್ಸೂ ತನ್ನ ಪಾಲು ಕೇಳುತ್ತದೆ. ಅದನ್ನೆಲ್ಲ ವಿಚಾರಿಸಿದೆ. ಮಾತ್ರೆ ನುಂಗಿದ್ದು ತೀರ ಕಡಿಮೆ, ವಯಸ್ಸೂ ಅಂಥದ್ದೇನಲ್ಲ. ಕೊನೆಗೆ ಉಳಿದದ್ದು ಎರಡೇ ಅನುಮಾನ: ಊಟ, ಇಲ್ಲವೇ ರೋಗ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳದೆ ವಿಧಿಯಿಲ್ಲ. ಮೂಳೆ ಎಂದರೆ ಒಮ್ಮೆ ಬೆಳೆದು ಸುಮ್ಮನೆ ನಿಂತ ಕಲ್ಲಲ್ಲ. ಅಲ್ಲಿ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯದನ್ನು ಕೆಡವುತ್ತಲೇ ಇರುತ್ತವೆ, ಆಸ್ಟಿಯೋಬ್ಲಾಸ್ಟ್ ಎಂಬ ಗೌಂಡಿಗಳು ಹೊಸದನ್ನು ಕಟ್ಟುತ್ತಲೇ ಇರುತ್ತವೆ. ಎರಡೂ ಸಮನಾಗಿ ನಡೆದರೆ ಮೂಳೆ ಗಟ್ಟಿ. ದೇಹದಲ್ಲೆಲ್ಲೋ ಉರಿಯೂತ, ಅಂದರೆ ಇನ್‌ಫ್ಲಮೇಶನ್, ವರ್ಷಗಟ್ಟಲೆ ಹೊಗೆಯಾಡುತ್ತಿದ್ದರೆ ಅಲ್ಲಿಂದ ಸೈಟೋಕೈನ್ ಎಂಬ ರಾಸಾಯನಿಕ ಸಂದೇಶಗಳು ರಕ್ತಕ್ಕಿಳಿದು ಊರೆಲ್ಲ ಸುತ್ತುತ್ತವೆ. ಕೆಡವುವ ಕೋಶಗಳು ಅದರಿಂದ ಹುರುಪಾಗಿ ಹೆಚ್ಚಾಗುತ್ತವೆ ಎಂಬುದು ಆಗಷ್ಟೇ ಒಂದೊಂದಾಗಿ ಸ್ಪಷ್ಟವಾಗುತ್ತಿತ್ತು. ಬಾವು ಬಂದದ್ದು ಬೆರಳಿಗಾದರೂ ಸವೆಯುವುದು ಸೊಂಟವೂ ಆಗಬಹುದು. ಆದರೆ ಉರಿಯೂತವಿದ್ದ ಪ್ರಾಣಿ ಊಟವನ್ನೂ ಬಿಡುತ್ತದೆ. ಮೂಳೆ ಸವೆದದ್ದು ಉರಿಯೂತದಿಂದಲೋ ಉಪವಾಸದಿಂದಲೋ ಎಂದು ಬಿಡಿಸಿ ಹೇಳುವುದೇ ಕಷ್ಟ. ನಸೀಮಾ ಬಿಡಿಸಬೇಕೆಂದಿದ್ದ ಗಂಟು ಅದೇ.

ಇದಕ್ಕೆ ಒಂದು ಹಳೆಯ ಪದ್ಧತಿ ಇದೆ. ಶಾಖದಿಂದ ಸಾಯಿಸಿದ ಕ್ಷಯದ ಬ್ಯಾಕ್ಟೀರಿಯಾವನ್ನು ಎಣ್ಣೆಯಲ್ಲಿ ಕಲಸಿ ಇಲಿಯ ಬಾಲದ ಬುಡಕ್ಕೆ ಚುಚ್ಚಿದರೆ ಸುಮಾರು ಎರಡು ವಾರದಲ್ಲಿ ಅದರ ಪಾದದ ಕೀಲುಗಳು ಊದುತ್ತವೆ. ಮನುಷ್ಯರ ಕೀಲುಬಾವಿಗೆ ಇದು ಹತ್ತಿರದ ಮಾದರಿ. ನೋವು ಕೊಡುವ ಕೆಲಸ. ಸಿಹಿ ಮಾತಿನಿಂದ ಅದನ್ನು ಮುಚ್ಚಿಡಲು ನನಗೆ ಯಾವತ್ತೂ ಇಷ್ಟವಾಗಿಲ್ಲ. ಅದಕ್ಕೇ ಕಾಲೇಜಿನ ಪ್ರಾಣಿ ನೀತಿ ಸಮಿತಿಯ ಮುಂದೆ ಪ್ರತಿಯೊಂದು ಇಲಿಗೂ ಕಾರಣ ಕೊಟ್ಟು ಒಪ್ಪಿಗೆ ಪಡೆದೆವು. ಮೂರು ಗುಂಪು ಮಾಡಿದೆವು. ಮೊದಲನೆಯದು ಬೇಕಾದಷ್ಟು ತಿನ್ನುವ ಆರೋಗ್ಯವಂತ ಇಲಿಗಳು. ಎರಡನೆಯದು ಬಾವಿನ ಇಲಿಗಳು. ಮೂರನೆಯದು ಆರೋಗ್ಯವಾಗಿದ್ದರೂ ಬಾವಿನ ಇಲಿಗಳು ಹಿಂದಿನ ದಿನ ತಿಂದಷ್ಟನ್ನು ಮಾತ್ರ ಪಡೆಯುವ ಇಲಿಗಳು. ಇದಕ್ಕೆ ಪೇರ್ ಫೀಡಿಂಗ್ ಎನ್ನುತ್ತಾರೆ. ಮೂರನೆಯ ಗುಂಪಿನ ಮೂಳೆಯೂ ಸವೆದರೆ ತಪ್ಪು ಊಟದ್ದು. ಎರಡನೆಯದು ಮಾತ್ರ ಸವೆದರೆ ತಪ್ಪು ಉರಿಯೂತದ್ದು. ಕಾಗದದ ಮೇಲೆ ಬಹಳ ಚೆಂದವಾಗಿತ್ತು.

ಜುಲೈನಲ್ಲಿ ಶುರು ಮಾಡಬೇಕೆನ್ನುವಷ್ಟರಲ್ಲಿ ಪ್ರಾಣಿಗಳ ಮನೆಯ ನೆಲ ಅಗೆದು ಹೊಸ ಫರಶಿ ಹಾಕುವ ಕೆಲಸ ಹಿಡಿದರು. ಆ ಸದ್ದಿಗೆ ನನಗೇ ತಲೆ ಸಿಡಿಯುತ್ತಿತ್ತು, ಇಲಿಗಳ ಪಾಡು ಕೇಳುವುದೇ ಬೇಡ. ಕೊನೆಗೆ ಸಮಿತಿಯವರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದು ಇಲಿಗಳನ್ನು ಖಾನಾಪುರಕ್ಕೆ ಸಾಗಿಸಿದೆವು. ನಮ್ಮ ಕಾಲೇಜಿನ ಗ್ರಾಮೀಣ ತರಬೇತಿ ಕೇಂದ್ರ ಅಲ್ಲಿತ್ತು. ಓದು ಮುಗಿಸಿದ ಹೊಸ ವೈದ್ಯರು ಕೆಲವು ತಿಂಗಳು ಅಲ್ಲಿದ್ದು ಕೆಲಸ ಕಲಿಯುತ್ತಿದ್ದರು. ಅಡಿಗೆಮನೆಯ ಬಾಜುವಿಗೆ ತಂಪಾದ, ನಿಶ್ಶಬ್ದವಾದ ಒಂದು ಕೋಣೆ ಖಾಲಿ ಬಿದ್ದಿತ್ತು. ನಸೀಮಾಗಂತೂ ಖುಷಿ. ನಂದಗಡ ಅಲ್ಲಿಂದ ಹತ್ತಿರ. ಬೆಳಿಗ್ಗೆ ಬಂದು ತೂಕ ಮಾಡಿ ತಿಂಡಿ ಹಾಕಿ, ಮಧ್ಯಾಹ್ನ ಮನೆಗೆ ಹೋಗಿ ತಾಯಿಯನ್ನು ನೋಡಿ, ಸಂಜೆ ಮತ್ತೆ ಬರುತ್ತಿದ್ದಳು. ನಾನು ಶನಿವಾರ ಶನಿವಾರ ಹೋಗುತ್ತಿದ್ದೆ.

ಆ ಅಡಿಗೆಮನೆಯ ಒಡತಿ ಮಾಲನ ಮಾವಶಿ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಹುಡುಗರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಖಾನಾಪುರದ ಹೆಂಗಸು. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಅಭಿಪ್ರಾಯಗಳು. ಆಕೆಯ ಪಂಕ್ತಿಯಲ್ಲಿ ಕೂತ ಯಾವ ಹೊಸ ವೈದ್ಯನೂ ಅರ್ಧ ಹೊಟ್ಟೆಯಲ್ಲಿ ಎದ್ದುಹೋದದ್ದಿಲ್ಲ. ಅವರು ವೈದ್ಯಕೀಯ ಎಷ್ಟು ಕಲಿತರೋ ನಾನರಿಯೆ, ತೂಕವಂತೂ ಏರಿಸಿಕೊಂಡು ಬರುತ್ತಿದ್ದರು. ಮಧ್ಯಾಹ್ನ ನಸೀಮಾ ಇಲ್ಲದಾಗ ಇಲಿಗಳಿಗೆ ನೀರು ನೋಡುವ ಕೆಲಸವನ್ನು ಮಾವಶಿಗೆ ವಹಿಸಿದೆವು. ಪ್ರಯೋಗದ ವಿಷಯ ಕೇಳಿ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ಇದನ್ನ ತಿಳಕೊಳ್ಳಾಕ ಇಲಿ ಯಾಕ ಬೇಕ್ರಿ? ಉಣಲಿಲ್ಲಂದ್ರ ಎಲುಬು ಸವೀತಾವ. ನನ್ನ ಕೇಳಿದ್ರ ನಾನ ಹೇಳ್ತಿದ್ದೆ."

ನಸೀಮಾಳ ಮುಖ ಸಣ್ಣದಾಯಿತು. ಮನೆಯಲ್ಲಿ ಕೇಳಿ ಕೇಳಿ ಸಾಕಾದ ಮಾತು ಇಲ್ಲಿಯೂ ಬಂದಿತ್ತು. ಆದರೂ ನೀರಿನ ಬಾಟಲಿ ಸಿಕ್ಕಿಸುವುದು ಹೇಗೆಂದು ತೋರಿಸಿಕೊಟ್ಟಳು.

ಮೊದಲ ಎರಡು ವಾರ ಎಲ್ಲ ಲೆಕ್ಕದಂತೆಯೇ ನಡೆಯಿತು. ಕೀಲುಗಳು ಊದಿದವು, ಬಾವಿನ ಇಲಿಗಳು ಮೂಲೆ ಹಿಡಿದವು, ಹಾಕಿದ ತಿಂಡಿಯಲ್ಲಿ ಬಹಳಷ್ಟನ್ನು ಹಾಗೇ ಬಿಟ್ಟವು. ಮೂರನೆಯ ಗುಂಪಿನ ಪಾಲನ್ನೂ ನಸೀಮಾ ಕಡಿಮೆ ಮಾಡಿದಳು. ಅದಾದ ಮೇಲಿನ ಶನಿವಾರ ನಾನು ಹೋದಾಗ ಅವಳು ತಕ್ಕಡಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಬಡಕಲಾಗಬೇಕಿದ್ದ ಮೂರನೆಯ ಗುಂಪಿನ ಇಲಿಗಳು ದುಂಡಗಾಗಿದ್ದವು. ಬಾವಿನ ಇಲಿಗಳ ತೂಕವೂ ಏರಿತ್ತು. ತಕ್ಕಡಿ ಕೆಟ್ಟಿರಬೇಕೆಂದು ತೂಕದ ಕಲ್ಲಿಟ್ಟು ನೋಡಿದೆವು. ತಕ್ಕಡಿ ಸರಿಯಾಗಿತ್ತು. ಮೂರನೆಯ ಗುಂಪಿನ ಒಂದು ಇಲಿಯನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಮೈಯೆಲ್ಲ ಬಿಳಿ, ಮೀಸೆ ಮಾತ್ರ ಹಳದಿ.

ಮೂವತ್ತು ವರ್ಷ ಔಷಧಶಾಸ್ತ್ರ ಓದಿದವಳಿಗೆ ಅರಿಷಿಣದ ಗುರುತು ಹಿಡಿಯಲು ಪರೀಕ್ಷೆ ಬೇಕಾಗಲಿಲ್ಲ. ಇಲಿಯನ್ನು ಹಿಡಿದುಕೊಂಡೇ ಅಡಿಗೆಮನೆಗೆ ನಡೆದೆ.

"ಮಾವಶಿ, ಇವತ್ತೇನು ಅಡಿಗಿ?"

"ವರಣ ಭಾತ," ಎಂದರು ಆಕೆ, ಒಲೆಯಿಂದ ಮುಖವೆತ್ತದೆ. ವರಣ ಎಂದರೆ ತೊಗರಿಬೇಳೆಯ ತೊವ್ವೆ, ಭಾತ ಎಂದರೆ ಅನ್ನ. "ಕುಂದರ್ರಿ, ಬಡಸ್ತೀನಿ."

"ಇದಕ್ಕೂ ಬಡಿಸಿದ್ರೇನು?"

ಮಾವಶಿ ಇಲಿಯನ್ನು ನೋಡಿದರು, ನನ್ನನ್ನು ನೋಡಿದರು. ಅಂಜಿಕೆಯ ಲವಲೇಶವಿಲ್ಲ. "ಹೌದ್ರಿ. ಅದೇನು ಮನಿಶ್ಯಾರು ಮಾಡೂ ಕೆಲಸೇನ್ರಿ? ಒಂದ ಪಂಕ್ತ್ಯಾಗ ಕುಂದ್ರಸೂದು, ಒಬ್ಬರಿಗೆ ತಾಟ ತುಂಬ ಹಾಕೂದು, ಬಾಜು ಕುಂತವರಿಗೆ ಅಳದು ತೂಗಿ ಒಂದೀಟ ಹಾಕೂದು. ಹಸದು ನನ್ನ ಮಾರಿ ನೋಡ್ತಾವ್ರಿ ಅವು. ಪಂಕ್ತಿಭೇದ ನನ್ನ ಕೈಲೆ ಆಗೂದಿಲ್ಲ."

"ಮತ್ತ ಬಾವಿನ ಇಲಿಗೆ?"

"ಇವಕ್ಕ ಹಾಕಿ ಅವಕ್ಕ ಬಿಟ್ರ ಅದೂ ಭೇದ ಆಗ್ತದಲ್ಲ? ಅವು ನಡೀಲಾರವು. ಒಂದೊಂದನ್ನ ಅರಿವ್ಯಾಗ ಸುತ್ತಿ ತೊಡಿ ಮ್ಯಾಲ ಇಟಗೊಂಡು ಬೆರಳಿಲೆ ಉಣಸ್ತೀನಿ. ಮೊದಲ ವಲ್ಲೆ ಅಂತಾವ. ಬಿಡೂದಿಲ್ಲ ನಾ."

ಮಧ್ಯಾಹ್ನ ಹುಡುಗರ ಊಟ ಮುಗಿದ ಮೇಲೆ ಪಾತೇಲಿಯಲ್ಲಿ ಉಳಿದದ್ದೆಲ್ಲ ನಮ್ಮ ಪ್ರಯೋಗಕ್ಕೆ ಹೋಗುತ್ತಿತ್ತು. ಆಕೆ ಅದನ್ನು ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ನನಗೆ ಸಿಟ್ಟು ಬಂದಿತ್ತು, ಅದು ನಿಜ. ಆದರೆ ಹಳದಿ ಮೀಸೆಯ ಇಲಿ ನನ್ನ ಅಂಗೈಯಲ್ಲಿ ಕೂತು ನೆಮ್ಮದಿಯಾಗಿ ಮುಖ ತೊಳೆದುಕೊಳ್ಳುತ್ತಿದ್ದಾಗ ಗಂಭೀರವಾಗಿ ಬೈಯುವುದು ಹೇಗೆ? ನನಗೆ ನಗು ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಸೀಮಾ ಮಾತ್ರ ನಗಲಿಲ್ಲ.

ಅವಳ ಕಷ್ಟ ನಗುವಂಥದ್ದಾಗಿರಲಿಲ್ಲ. ಪ್ರಬಂಧ ಸಲ್ಲಿಸಲು ನವೆಂಬರ್ ಕೊನೆ ಗಡುವು. ಅದು ತಪ್ಪಿದರೆ ಇಲಾಖೆಯ ರಜೆ ಮುಗಿದು ಬರಿಗೈಯಲ್ಲಿ ಕೆಲಸಕ್ಕೆ ಮರಳಬೇಕು. ಅದಕ್ಕಿಂತ ಹೆಚ್ಚಾಗಿ, ತಾಯಿಯ ಮುಂದಿಡಬೇಕೆಂದಿದ್ದ ಉತ್ತರ ಸಿಗದೇ ಹೋಗುತ್ತದೆ. ಪೆಥಾಲಜಿ ವಿಭಾಗದ ದೇಸಾಯಿ ಡಾಕ್ಟರು, ಮೂಳೆಯ ಸ್ಲೈಡ್ ನೋಡಲು ಒಪ್ಪಿದ್ದವರು, ವಿಷಯ ಕೇಳಿ ಎರಡೇ ಮಾತು ಹೇಳಿದರು: ಈ ಇಲಿಗಳ ಲೆಕ್ಕ ಬಿಡಿ, ಹೊಸ ಇಲಿ ತಂದು ಬಾಗಿಲಿಗೆ ಬೀಗ ಹಾಕಿ. ಅವರು ಹೇಳಿದ್ದು ಸರಿಯೇ ಇತ್ತು. ಊಟದ ಅಳತೆ ತಪ್ಪಿತ್ತು, ಮೇಲಿಂದ ಅರಿಷಿಣ ಬೇರೆ. ಅದಕ್ಕೆ ಬಾವು ತಗ್ಗಿಸುವ ಗುಣವಿದೆ ಎಂದು ನಾನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ.

ಆದರೂ ಖಾನಾಪುರದಿಂದ ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಒಂದು ವಿಷಯ ನನ್ನ ತಲೆಯನ್ನು ಬಿಡಲಿಲ್ಲ. ಬಾವಿನ ಇಲಿಗಳ ತೂಕ ಏರಿತ್ತು. ನಾನು ಓದಿದ ಯಾವ ವರದಿಯಲ್ಲೂ ಹಾಗಿರಲಿಲ್ಲ. ಅವು ಉಣ್ಣುವುದಿಲ್ಲವೆಂಬುದು ಎಲ್ಲ ಪ್ರಯೋಗಾಲಯಗಳ ಗೋಳು. ಗಂಟಲಿಗೆ ನಳಿಗೆ ಇಳಿಸಿ ಉಣಿಸಿದರೆ ಗಾಬರಿಯಾಗಿ ಬೇರೆಯೇ ತೊಂದರೆ. ಅದಕ್ಕೇ ವಿಜ್ಞಾನಿಗಳೆಲ್ಲ ಆರೋಗ್ಯವಂತ ಇಲಿಯನ್ನು ಉಪವಾಸ ಕೆಡವುತ್ತಾರೆ. ರೋಗದ ಇಲಿಗೆ ತೊಡೆಯ ಮೇಲೆ ಕೂರಿಸಿಕೊಂಡು ಹೊಟ್ಟೆ ತುಂಬ ಉಣಿಸಬಲ್ಲವರು ಯಾರ ಪ್ರಯೋಗಾಲಯದಲ್ಲೂ ಇರಲಿಲ್ಲ. ನಮ್ಮಲ್ಲಿದ್ದರು. ಹಾಗಿದ್ದರೆ ಪ್ರಶ್ನೆಯನ್ನು ತಿರುಗಿಸಿ ಕೇಳಬಹುದಲ್ಲ? ಗಟ್ಟಿಯಾದವರ ತಟ್ಟೆಯನ್ನು ರೋಗಿಯ ಮಟ್ಟಕ್ಕೆ ಇಳಿಸುವ ಬದಲು ರೋಗಿಯ ಊಟವನ್ನು ಗಟ್ಟಿಯಾದವರ ಮಟ್ಟಕ್ಕೆ ಏರಿಸುವುದು. ಹೊಟ್ಟೆ ತುಂಬಿದ ಮೇಲೂ ಮೂಳೆ ಸವೆದರೆ ಊಟದ ಮೇಲೆ ದೂರು ಹೊರಿಸುವಂತಿಲ್ಲ.

ಸೋಮವಾರವೇ ಸಮಿತಿಯ ಮುಂದೆ ಹೊಸ ಇಲಿಗಳ ಹೊಸ ಯೋಜನೆ ಇಟ್ಟೆವು. ಯಾವ ಇಲಿಯನ್ನೂ ಹಸಿವಿನಲ್ಲಿಡುವುದಿಲ್ಲ ಎಂದು ಕೇಳಿ ಅವರಿಗೂ ಹಗುರವೆನಿಸಿರಬೇಕು, ಬೇಗ ಒಪ್ಪಿದರು. ಆರೋಗ್ಯವಂತ ಇಲಿಗಳು ಒಂದು ಗುಂಪು. ತಾವಾಗಿ ತಿಂದಷ್ಟು ತಿನ್ನುವ ಬಾವಿನ ಇಲಿಗಳು ಇನ್ನೊಂದು. ಕೈಯಿಂದ ಉಣಿಸುವ ಬಾವಿನ ಇಲಿಗಳು ಮೂರನೆಯದು. ಪ್ರಯೋಗಾಲಯದ ತಿಂಡಿಯನ್ನೇ ಪುಡಿ ಮಾಡಿ ನೀರಲ್ಲಿ ಕಲಸಿ ಉಂಡೆ ಕಟ್ಟಬೇಕು. ಕೊಡುವ ಮುಂಚೆ ತೂಗಬೇಕು, ಉಳಿದದ್ದನ್ನೂ ತೂಗಬೇಕು. ಮುದ್ದಿನಿಂದಲೇ ಫಲಿತಾಂಶ ಬದಲಾಗದಿರಲೆಂದು ಉಳಿದ ಎರಡು ಗುಂಪಿನ ಇಲಿಗಳನ್ನೂ ಅಷ್ಟೇ ಹೊತ್ತು ತೊಡೆಯ ಮೇಲೆ ಇಟ್ಟುಕೊಳ್ಳಬೇಕು.

ಮಾವಶಿಯನ್ನು ಒಪ್ಪಿಸುವುದು ಸಮಿತಿಯನ್ನು ಒಪ್ಪಿಸಿದಷ್ಟು ಸುಲಭವಾಗಲಿಲ್ಲ.

"ಬರೇ ಈ ಪುಡಿ ಏನ್ರಿ?" ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಮುಖ ಹುಳ್ಳಗಾಯಿತು. "ಉಪ್ಪಾದ್ರೂ ಹಾಕೂಣು."

"ಉಪ್ಪೂ ಇಲ್ಲ, ಅರಿಷಿಣನೂ ಇಲ್ಲ."

"ಬಾವಿದ್ರೂ ಕೆಲವಕ್ಕ ಉಣಸೂದು, ಕೆಲವಕ್ಕ ಬಿಡೂದು. ಮತ್ತ ಭೇದ ಬಂತಲ್ರಿ."

ಇದಕ್ಕೆ ನಾನು ತಯಾರಾಗಿಯೇ ಹೋಗಿದ್ದೆ. "ತಾಟು ಎಲ್ಲಾರ ಮುಂದೂ ತುಂಬೇ ಇರ್ತದ ಮಾವಶಿ. ಕೆಲವರಿಗೆ ನೀವು ಒತ್ತಾಯ ಮಾಡ್ತೀರಿ, ಅಷ್ಟ. ಲಗ್ನದಾಗ ಬೀಗರಿಗೆ ಒತ್ತಾಯ ಜಾಸ್ತಿ ಇರೂದಿಲ್ಲೇನು?"

ನಮ್ಮ ಕಡೆ ಪಂಕ್ತಿಯಲ್ಲಿ ಬಡಿಸುವುದರಲ್ಲಿ ಭೇದ ಮಾಡಬಾರದು, ಆದರೆ ಒತ್ತಾಯ ಮಾಡುವುದರಲ್ಲಿ ಮಾಡಬಹುದು. ಬೀಗರ ಎಲೆಗೆ ಬೇಡಬೇಡವೆಂದರೂ ಎರಡು ಹೋಳಿಗೆ ಹೆಚ್ಚು ಬೀಳುತ್ತವೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. "ಒತ್ತಾಯ ಅಂದ್ರ ಬ್ಯಾರೆ," ಎಂದು ಮಾವಶಿ ಕೊನೆಗೆ ಒಪ್ಪಿದರು. "ಮಾಡ್ತೀನಿ. ಆದ್ರ ಈಗ ಹೇಳೇ ಬಿಡ್ತೀನಿ ಮೇಡಂ, ನಾ ಉಣಿಸಿದ ಇಲಿ ಎಲುಬು ಕಬ್ಬಿಣ ಆಗಿರ್ತಾವ."

ಅಲ್ಲಿಂದ ಮುಂದಿನ ವಾರಗಳು ನನ್ನ ವೃತ್ತಿಯ ಅತ್ಯಂತ ಸಂತೋಷದ ದಿನಗಳಲ್ಲಿ ಸೇರಿವೆ. ಹುಡುಗರ ಊಟ ಮುಗಿದೊಡನೆ ಮಾವಶಿ ಕೈ ತೊಳೆದು, ಹಳೆಯ ಸೀರೆಯ ಮೆತ್ತನೆಯ ತುಂಡು ಹಿಡಿದು ಚಾಪೆಯ ಮೇಲೆ ಕೂರುತ್ತಿದ್ದರು. ನಸೀಮಾ ಮನೆಗೆ ಹೊರಡುವುದನ್ನು ತಡಮಾಡಿ ಉಂಡೆ ತೂಗಿ ಕೊಡುತ್ತಿದ್ದಳು, ತಾಯಿ ಬೈಸಿಕೊಳ್ಳುವ ಕಥೆಯನ್ನೂ ಹೇಳುತ್ತಿದ್ದಳು. "ಖಾ ರೇ ಬಾಬಾ, ಇನ್ನ ಒಂದ ತುತ್ತು, ಹಂಗ್ಯಾಕ ಮಾರಿ ತಿರುವತಿ" ಎಂದು ಎರಡೂ ಭಾಷೆಯಲ್ಲಿ ಮಾತು ನಡೆಯುತ್ತಿತ್ತು. ಇಲಿಗಳು ನಿಜವಾಗಿಯೂ ತಿನ್ನುತ್ತಿದ್ದವು. ಇತ್ತ ಹೊಸ ವೈದ್ಯರ ಆಮಟಿ, ಅಂದರೆ ಬೇಳೆಯ ಸಾರು, ದಿನದಿನಕ್ಕೆ ನೀರಾಗತೊಡಗಿತು, ಗಮನವೆಲ್ಲ ಬಾಜುವಿನ ಕೋಣೆಯ ಕಡೆ. "ಮೇಡಂ, ನಮಗೂ ಒಂದು ಇಂಜೆಕ್ಷನ್ ಕೊಡ್ರಿ, ನಮ್ಮನ್ನೂ ವಿಚಾರಿಸ್ತಾರ" ಎಂದು ಒಬ್ಬ ನನ್ನೆದುರೇ ದೂರು ಹೇಳಿದ.

ತೂಕ ಸುಳ್ಳು ಹೇಳಲಿಲ್ಲ. ಕೈಯಿಂದ ಉಂಡ ಇಲಿಗಳ ಊಟ ಆರೋಗ್ಯವಂತ ಇಲಿಗಳಷ್ಟೇ ಆಯಿತು, ಮೈಯೂ ಹೆಚ್ಚುಕಡಿಮೆ ಅಷ್ಟೇ ತುಂಬಿತು. ಊದಿದ ಪಾದಗಳು ಮಾತ್ರ ಊದಿಕೊಂಡೇ ಇದ್ದವು.

ಅಕ್ಟೋಬರ್‌ನಲ್ಲಿ ಮೂಳೆ ಅಳೆಯುವ ದಿನ ಬಂತು. ಅದಕ್ಕೆ ಇಲಿಗಳ ಜೀವ ಹೋಗಲೇಬೇಕು. ಅರಿವಳಿಕೆ ಕೊಟ್ಟು, ನೋವಿಲ್ಲದಂತೆ. ಮಾವಶಿಗೆ ಮೊದಲೇ ಹೇಳಿದ್ದೆವು. ಆ ಬೆಳಿಗ್ಗೆ ಎಲ್ಲ ಇಲಿಗಳಿಗೂ, ಗುಂಪು ಯಾವುದೆಂದು ನೋಡದೆ, ಕೈಯಿಂದ ಒಂದೊಂದು ತುತ್ತು ಕೊಟ್ಟು ಆಕೆ ಮನೆಗೆ ಹೊರಟುಹೋದರು. ನಾವು ತಡೆಯಲಿಲ್ಲ. ಅಂದು ನನ್ನ ಕಣ್ಣೂ ಒದ್ದೆಯಾಗಿತ್ತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಬೆಳಗಾವಿಯಲ್ಲಿ ಎರಡು ರೀತಿಯ ಪರೀಕ್ಷೆ ನಡೆಯಿತು. ತೊಡೆಯ ಮೂಳೆಯನ್ನು ಕುಲುಮೆಯಲ್ಲಿ ಸುಟ್ಟು ಉಳಿದ ಬೂದಿಯನ್ನು ತೂಗುವುದು ಒಂದು. ಉಳಿಯುವ ಬೂದಿಯೇ ಮೂಳೆಯೊಳಗಿದ್ದ ಖನಿಜ. ಬೆನ್ನುಮೂಳೆಯನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇನ್ನೊಂದು. ಯಾವ ಮೂಳೆ ಯಾವ ಗುಂಪಿನದೆಂದು ತೂಗುವ ನಸೀಮಾಗಾಗಲಿ, ನೋಡುವ ದೇಸಾಯಿ ಡಾಕ್ಟರಿಗಾಗಲಿ ತಿಳಿಯದಂತೆ ನಾನೇ ಗುಟ್ಟಿನ ಸಂಖ್ಯೆ ಹಾಕಿದ್ದೆ. ಎಲ್ಲ ಮುಗಿದ ಮೇಲೆ ಮೂವರೂ ಕೂತು ಗುಟ್ಟು ಬಿಚ್ಚಿದೆವು. ಆರೋಗ್ಯವಂತ ಇಲಿಗಳ ಬೂದಿ ಎಲ್ಲಕ್ಕಿಂತ ಹೆಚ್ಚು. ಬಾವಿನ ಎರಡೂ ಗುಂಪು ಬಹಳ ಕೆಳಗೆ. ಕೈಯಿಂದ ಉಂಡವು ತಾವಾಗಿ ತಿಂದವುಗಳಿಗಿಂತ ಕೂದಲೆಳೆಯಷ್ಟು ಮೇಲಿದ್ದವು, ಅಷ್ಟೇ. ಬಾವು ಪಾದದಲ್ಲಿತ್ತು, ಬೆನ್ನುಮೂಳೆಯ ಒಳಗಿನ ಜಾಲರಿಯೂ ತೆಳುವಾಗಿ ಅಲ್ಲಲ್ಲಿ ಹರಿದಿತ್ತು, ಅದರ ಅಂಚಿನಲ್ಲಿ ಕೆಡವುವ ಕೋಶಗಳು ಸಾಲುಗಟ್ಟಿ ಕೂತಿದ್ದವು. ಕುಂಟುವ ಇಲಿಗಳ ಓಡಾಟ ಕಡಿಮೆಯಾದ ಕಾರಣಕ್ಕೂ ಒಂದಿಷ್ಟು ಸವೆದಿರಬಹುದು. ಅದನ್ನು ಬೇರ್ಪಡಿಸಲು ನಮಗಾಗಲಿಲ್ಲ, ಪ್ರಬಂಧದಲ್ಲಿ ಹಾಗೆಯೇ ಬರೆಸಿದೆ. ಊಟದ ಮೇಲಿನ ಆರೋಪವನ್ನಂತೂ ಕೈಬಿಡಬೇಕಾಯಿತು.

ನಸೀಮಾ ಸೂಕ್ಷ್ಮದರ್ಶಕದ ಮೇಲೆ ಬಾಗಿ ಬಹಳ ಹೊತ್ತು ನೋಡುತ್ತಲೇ ಇದ್ದಳು.

ಮರುವಾರ ಖಾನಾಪುರದ ಕೇಂದ್ರದ ಸೂಕ್ಷ್ಮದರ್ಶಕದಲ್ಲಿ ಆ ಸ್ಲೈಡನ್ನು ಮಾವಶಿಗೆ ತೋರಿಸಿದೆವು. ಒಂದು ಕಣ್ಣು ಮುಚ್ಚಿ ನೋಡಿದರು. ಇದು ಗಟ್ಟಿ ಇಲಿಯದು, ಇದು ನೀವು ಉಣಿಸಿದ್ದು ಎಂದು ನಸೀಮಾ ತಿಳಿಸಿ ಹೇಳಿದಳು.

"ಹೊಟ್ಟಿ ತುಂಬ ಉಣಿಸಿದ್ನಲ್ಲವಾ ನಾ," ಎಂದರು ಮಾವಶಿ. ಆ ಗಟ್ಟಿ ಗಂಟಲು ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

"ನೀವು ಉಣಿಸಿದ್ದು ಮೈಗೆ ಹತ್ತೇತ್ರಿ. ಎಲುಬಿಗೆ ಹತ್ತಾಕ ಬಾವು ಬಿಡಲಿಲ್ಲ. ಇತ್ತಾಗ ಗೌಂಡಿ ಒಂದ ಇಟ್ಟಂಗಿ ಇಡೂದ್ರಾಗ ಅತ್ತಾಗ ನಾಕ ಕೆಡವತಿದ್ರು."

ಮಾವಶಿ ಮತ್ತೊಮ್ಮೆ ಕಣ್ಣಿಟ್ಟು ನೋಡಿದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡರು. "ಹಂಗಾರ ನಿಮ್ಮವ್ವಗ ಎಲ್ಲಾರೂ ಬೈದದ್ದು ಸುಳ್ಳ ಆತಲ್ಲ. ನಡೀರಿ, ನಾ ಬರ್ತೀನಿ. ನೀ ಹೇಳಿದ್ರ ಮಗಳು ಅಂತ ಯಾರೂ ನಂಬೂದಿಲ್ಲ."

ಅವತ್ತೇ ಸಂಜೆ ಮೂವರೂ ನಂದಗಡಕ್ಕೆ ಹೋದೆವು. ಹಲೀಮಾಬಿ ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದರು. ಸಣ್ಣ ಮೈ, ಚುರುಕು ಕಣ್ಣು. ಮುಂದೆ ಮುಟ್ಟದ ತಟ್ಟೆ, ಪಕ್ಕದಲ್ಲಿ ಸೊಸೆ. ನಾವು ಹೊಕ್ಕಾಗಲೂ ಬೈಗುಳ ನಡೆದೇ ಇತ್ತು. ನನಗೆ ಕುರ್ಚಿ ಬಂತು. ಶಾಸ್ತ್ರವನ್ನು ಸರಳವಾಗಿ ಹೇಗೆ ವಿವರಿಸಬೇಕೆಂದು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಮಾವಶಿ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ನೇರ ಹೋಗಿ ಹೊರಸಿನ ಅಂಚಿಗೆ ಕೂತರು.

"ಬೀಬಿ, ನಾ ಅಡಿಗಿ ಮಾಡಾಕಿ. ಉಣ್ಣಾಕ ವಲ್ಲೆ ಅಂದವರ ಮ್ಯಾಲ ನನಗ ಎಲ್ಲಾರಕಿಂತ ಹೆಚ್ಚ ಸಿಟ್ಟ. ನಿಮ್ಮ ಮ್ಯಾಲೂ ಇತ್ತು. ನಿಮ್ಮಂಗ ಬ್ಯಾನಿ ಇದ್ದ ಇಲಿಗೋಳಿಗೆ ನನ್ನ ಕೈಯಾರೆ ಹೊಟ್ಟಿ ತುಂಬ ಉಣಿಸಿ ನೋಡೇನಿ. ಅವುರ ಎಲುಬೂ ಉಳೀಲಿಲ್ಲ. ಅದು ಬ್ಯಾನಿ ಮಾಡಿದ್ದು. ನೀವು ಮಾಡಿದ್ದಲ್ಲ."

ಹಲೀಮಾಬಿ ಮಗಳ ಕಡೆ ನೋಡಿದರು. ನಸೀಮಾ ಹೌದೆಂದು ತಲೆಯಾಡಿಸಿದಳು. ತಾಯಿ ಸೊಟ್ಟ ಬೆರಳುಗಳ ಎರಡೂ ಕೈಗಳನ್ನು ಮಡಿಲಲ್ಲಿ ಕೂಡಿಸಿಟ್ಟುಕೊಂಡರು.

ರೋಗಕ್ಕೆ ತಕ್ಕ ಮದ್ದನ್ನು ಆಮೇಲೆ ಸರಿಯಾಗಿ ಶುರುಮಾಡಿದೆವು, ಬಾವು ತಗ್ಗಿತು. ನಸೀಮಾ ಗಡುವಿಗೆ ಮೊದಲೇ ಪ್ರಬಂಧ ಸಲ್ಲಿಸಿ ಪದವಿ ಪಡೆದಳು. ನಿವೃತ್ತಿಯಾಗುವವರೆಗೂ ನಾನು ಪ್ರತಿ ವರ್ಷ ಕೀಲುಬಾವಿನ ಔಷಧಗಳ ಪಾಠಕ್ಕೆ ಮೊದಲು ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತಿದ್ದೆ: ಕಾರಣ ಗೊತ್ತಿಲ್ಲದಾಗ ನಾವು ರೋಗಿಯನ್ನೇ ಕಾರಣ ಮಾಡಿಬಿಡುತ್ತೇವೆ. ಮದ್ದು ಹುಡುಕಲು ವರ್ಷಗಳು ಬೇಕಾಗಬಹುದು, ಆ ದೂರನ್ನು ಇವತ್ತೇ ಇಳಿಸಬಹುದು. ಅದೂ ಚಿಕಿತ್ಸೆಯೇ ಎಂಬುದನ್ನು ನನ್ನ ವೃತ್ತಿ ನನಗೆ ಕಲಿಸಿದ್ದು ನಂದಗಡದ ಆ ಪಡಸಾಲೆಯಲ್ಲಿ.

ಅಂದು ಹಲೀಮಾಬಿ ಕೊನೆಗೂ ಬಾಯಿ ತೆರೆದಾಗ ಅವರು ನೋಡಿದ್ದು ಮಾವಶಿಯ ಕೈಗಳನ್ನು.

"ಇಲಿಗೆ ಉಣಿಸಿದ ಕೈ ಏನು ಇವು?"

"ತೊಳಕೊಂಡ ಬಂದೇನ್ರಿ."

"ಹಂಗಾರ ಆ ತಾಟು ಇತ್ತಾಗ ಸರಸ್ರಿ," ಎಂದರು ಹಲೀಮಾಬಿ. "ಬೈಸಿಕೊಳ್ಳದ ಒಂದ ತುತ್ತ ಉಣ್ಣಬೇಕಂತ ಭಾಳ ವರ್ಷದಿಂದ ಆಸೆ ಇತ್ತು."